ಹೊಂಗೆ ಎಣ್ಣೆ ದೀಪಕ್ಕೂ ಆಗತ್ತೆ, ಎಂಜಿನ್‌ಗೂ ಆಗತ್ತೆ, ಅಡುಗೆಗೆ ಮಾತ್ರ ಯಾಕೆ ಆಗಲ್ಲ?

ಅದರಲ್ಲಿರೋ ಕರಂಜಿನ್ ಅನ್ನೋ ಕಹಿ ವಸ್ತುವೇ ಮುಖ್ಯ ಕಾರಣ. ತಿಂದ್ರೆ ಹೊಟ್ಟೆಗೆ ಒಳ್ಳೇದಲ್ಲ, ವಾಂತಿ ಬರಬಹುದು, ಆದ್ರೆ ಉರಿಸೋದಕ್ಕೆ ಅದೇನೂ ಅಡ್ಡಿ ಮಾಡಲ್ಲ, ಹಾಗಾಗಿ ಸೀಮೆಎಣ್ಣೆ ಬರೋ ಮುಂಚೆ ಹಳ್ಳಿಗಳಲ್ಲಿ ಗಾಣಕ್ಕೆ ಹಾಕಿ ತೆಗೆದ ಹೊಂಗೆ ಎಣ್ಣೇಲೇ ದೀಪ ಹಚ್ಚೋರು.

ಇನ್ನು ಎಂಜಿನ್ ವಿಷಯ. ಹಸಿ ಎಣ್ಣೆ ಡೀಸೆಲ್‌ಗಿಂತ ಸುಮಾರು 10 ಪಟ್ಟು ಮಂದ. ಬತ್ತಿಗೆ ಪರವಾಗಿಲ್ಲ, ನಿಧಾನಕ್ಕೆ ಹೀರ್ಕೊಂಡು ಉರಿಯತ್ತೆ, ಆದ್ರೆ ಎಂಜಿನ್‌ನ ನಾಝಲ್‌ನಲ್ಲಿ ಸಣ್ಣ ಹನಿಯಾಗಿ ಸಿಡಿಯಲ್ಲ, ಮಸಿ ಕಟ್ಟತ್ತೆ. ಅದಕ್ಕೇ ಮೆಥನಾಲ್ ಜೊತೆ ಸ್ವಲ್ಪ ಕಾಸ್ಟಿಕ್ ಸೋಡ ಹಾಕಿ ಬಿಸಿ ಮಾಡ್ತಾರೆ, ಆಗ ಎಣ್ಣೆಯ ದೊಡ್ಡ ಅಣು ಒಡೆದು ಗ್ಲಿಸರಿನ್ ಕೆಳಗೆ ಕೂರತ್ತೆ, ಮೇಲೆ ಉಳಿಯೋ ತೆಳು ದ್ರವವೇ ಬಯೋಡೀಸೆಲ್. ಹಾಸನದ ಮಡೆನೂರಿನ ಜೈವಿಕ ಇಂಧನ ಉದ್ಯಾನದಲ್ಲಿ ಇದೇ ಕೆಲಸ ನಡೀತಾ ಬಂದಿದೆ.

ನನಗೆ ಎಣ್ಣೆಗಿಂತ, ಎಣ್ಣೆ ತೆಗೆದ ಮೇಲೆ ಉಳಿಯೋ ಹಿಂಡಿನೇ ಇಷ್ಟ. ಹೊಂಗೆ ಅಂದ್ರೆ ಅವರೆ, ತೊಗರಿ ಜಾತಿಗೆ ಸೇರಿದ ಮರ, ಬೇರಿನ ಗಂಟಲ್ಲಿರೋ ಬ್ಯಾಕ್ಟೀರಿಯಾ ಗಾಳಿಯ ಸಾರಜನಕ ಹಿಡಿದು ಕೊಡತ್ತೆ, ಅದಕ್ಕೇ ಗದ್ದೆಗೆ ಹೊಂಗೆ ಸೊಪ್ಪು ತುಳಿಸೋದು. ಹಿಂಡೀಲೂ ಸಾರಜನಕ ಇದೆ, ಜೊತೆಗೆ ಅದೇ ಕಹಿ ಕರಂಜಿನ್ ಮಣ್ಣಲ್ಲಿ ಅಮೋನಿಯ, ನೀರಲ್ಲಿ ಸುಲಭವಾಗಿ ತೊಳೆದುಹೋಗೋ ನೈಟ್ರೇಟ್ ಆಗಿ ಬದಲಾಗೋದನ್ನ ನಿಧಾನ ಮಾಡತ್ತೆ, ಹಂಗಾಗಿ ಗೊಬ್ಬರ ನೀರಲ್ಲಿ ಬೇಗ ಕೊಚ್ಚಿ ಹೋಗಲ್ಲ. ದನಕ್ಕೆ ಮಾತ್ರ ಈ ಹಿಂಡಿ ಹಾಗೇ ಹಾಕ್ಬೇಡಿ.