ಗ್ಯಾಫ್ ಹಾಯಿಯ ದೋಣಿ ತಗೊಳ್ಳಬಹುದಾ?

ಪ್ರಶ್ನೆ: ನಾವು ಕುಂದಾಪುರದ ಕಡೆಯವರು, ಈಗ ಇಂಗ್ಲೆಂಡಿನ ಪ್ಲಿಮತ್‌ನಲ್ಲಿದ್ದೇವೆ. ಮಗಳಿಗೆ ಹನ್ನೊಂದು, ಮಗನಿಗೆ ಎಂಟು. ಕ್ಲಬ್ಬಿನಲ್ಲಿ ಹಾಯಿ ದೋಣಿ ಓಡಿಸಲು ಕಲಿತಾಯಿತು, ಈಗ ಸೆಕೆಂಡ್ ಹ್ಯಾಂಡ್‌ನಲ್ಲಿ ಸ್ವಂತದ್ದೊಂದು ಬೇಕು. 19 ಅಡಿ ಆಸುಪಾಸಿನ ಎರಡು ನೋಡಿದ್ದೇವೆ. ಒಂದು ಕಾರ್ನಿಷ್ ಶ್ರಿಂಪರ್, ನಾಲ್ಕು ಮೂಲೆಯ ಗ್ಯಾಫ್ ಹಾಯಿಯದ್ದು. ಇನ್ನೊಂದು ಮಾಮೂಲಿ ತ್ರಿಕೋನ ಹಾಯಿಯ ಬರ್ಮುಡಾ. ಎರಡನೆಯದನ್ನು ಮಾರುವವರು "ಗ್ಯಾಫ್ ಫೋಟೋಗೆ ಚೆಂದ, ಓಡಿಸೋಕಲ್ಲ" ಅನ್ನುತ್ತಾರೆ. ನಿಜವಾ? ದೋಣಿಯನ್ನು ಟ್ರೇಲರ್ ಮೇಲೆ ಮನೆ ಹತ್ತಿರ ಇಡಬೇಕು, ರೇಸ್ ಗೀಸ್ ಏನೂ ಇಲ್ಲ.

ಉತ್ತರ: ಮಾರುವವರ ಮಾತಿನಲ್ಲಿ ಅರ್ಧ ನಿಜ ಇದೆ. ಮೊದಲು ಆ ಅರ್ಧ.

ಎದುರುಗಾಳಿಯಲ್ಲಿ ಗ್ಯಾಫ್ ಹಿಂದೆ ಬೀಳುತ್ತದೆ. ಹಾಯಿಯ ಮೇಲಂಚನ್ನು ಹಿಡಿದಿರುವ ಓರೆ ಮರವೇ ಗ್ಯಾಫ್. ಗಾಳಿ ಜೋರಾದಂತೆ ಅದು ಹೊರಕ್ಕೆ ಜಾರುತ್ತದೆ, ಹಾಯಿಯ ಮೇಲ್ಭಾಗ ತಿರುಚಿಕೊಳ್ಳುತ್ತದೆ, ಅಲ್ಲಿನ ಗಾಳಿ ಸುಮ್ನೆ ಸೋರಿಹೋಗುತ್ತದೆ. ಒಳ್ಳೆಯ ಬರ್ಮುಡಾ ದೋಣಿ ಗಾಳಿಗೆ 45 ಡಿಗ್ರಿ ಕೋನದಲ್ಲಿ ಹೋದರೆ ಗ್ಯಾಫಿನದ್ದು 50, 55 ಅಂತ ನಿಲ್ಲುತ್ತದೆ. ಹತ್ತು ಡಿಗ್ರಿ ಏನು ಮಹಾ ಅನ್ನಬೇಡಿ. ನೇರ ಎದುರುಗಾಳಿಗೆ ಒಂದು ಮೈಲಿ ಮುಂದೆ ಹೋಗಲು 45ರಲ್ಲಿ ಅಂಕುಡೊಂಕಾಗಿ 1.4 ಮೈಲಿ ಓಡಿಸಿದರೆ ಸಾಕು, 55ರಲ್ಲಿ 1.7 ದಾಟುತ್ತದೆ. ನಿಮ್ಮ ಕಡೆ ಗಾಳಿ ಹೆಚ್ಚಾಗಿ ನೈಋತ್ಯದಿಂದ ಬೀಸುತ್ತದೆ, ಪ್ಲಿಮತ್ ಸೌಂಡ್ ಕೊಲ್ಲಿಯ ಬಾಯಿ ತೆರೆದಿರುವುದು ದಕ್ಷಿಣಕ್ಕೆ. ಅಂದರೆ ಬೆಳಿಗ್ಗೆ ಸಮುದ್ರಕ್ಕೆ ಹೊರಡುವಾಗ ಗ್ಯಾಫನ್ನು ಬೈದುಕೊಳ್ಳುತ್ತೀರಿ, ಸಂಜೆ ವಾಪಸ್ ಬರುವಾಗ ಹೊಗಳುತ್ತೀರಿ.

ಯಾಕೆಂದರೆ ಗಾಳಿ ಪಕ್ಕದಿಂದಲೋ ಹಿಂದಿನಿಂದಲೋ ಬಂದರೆ ಲೆಕ್ಕ ಉಲ್ಟಾ. ನಾಲ್ಕು ಮೂಲೆಯ ಹಾಯಿ ಗಿಡ್ಡ ಕಂಬದಲ್ಲೇ ಅಗಲವಾಗಿ ಹರಡಿಕೊಳ್ಳುತ್ತದೆ. ಅಷ್ಟೇ ಬಟ್ಟೆಯನ್ನು ತ್ರಿಕೋನದಲ್ಲಿ ಕಟ್ಟಬೇಕಾದರೆ ಕಂಬ ಎತ್ತರವಾಗಬೇಕು. ಗಾಳಿಯ ಒತ್ತಡ ಕೆಳಮಟ್ಟದಲ್ಲೇ ಇರುವುದರಿಂದ ದೋಣಿ ವಾಲುವುದೂ ಕಡಿಮೆ. ಎಂಟು ವರ್ಷದ ಹುಡುಗ ಜೊತೆಗಿರುವಾಗ ಇದು ಸಣ್ಣ ವಿಷಯ ಅಲ್ಲ.

ನಿಮ್ಮ ಪತ್ರದಲ್ಲಿ ನನ್ನ ಕಣ್ಣು ನಿಂತದ್ದು ಟ್ರೇಲರ್ ಅನ್ನುವ ಪದದ ಮೇಲೆ. ದೋಣಿ ಕೊಳ್ಳುವವರು ನೀರಿನ ಮೇಲಿನ ವೇಗದ ಬಗ್ಗೆ ಗಂಟೆಗಟ್ಟಲೆ ಮಾತಾಡುತ್ತಾರೆ, ದಡದಲ್ಲಿ ಕಂಬ ನಿಲ್ಲಿಸುವವರು ಯಾರು ಅಂತ ಯೋಚಿಸುವುದಿಲ್ಲ. ಪ್ರತಿ ಸಲ ದೋಣಿ ಇಳಿಸುವಾಗಲೂ ಕಂಬ ಎತ್ತಬೇಕು, ಅದನ್ನು ಹಿಡಿದು ನಿಲ್ಲಿಸುವ ಎಲ್ಲ ತಂತಿ ಬಿಗಿಯಬೇಕು, ಸಂಜೆ ಮತ್ತೆ ಬಿಚ್ಚಬೇಕು. ಉದ್ದ ಕಂಬವಾದರೆ ಇಬ್ಬರು ಬೇಕೇ ಬೇಕು, ಗಾಳಿ ಇದ್ದರೆ ಮೂವರಾದರೂ ಜಾಸ್ತಿ ಅಲ್ಲ. ಶ್ರಿಂಪರ್‌ನ ಕಂಬ ಗಿಡ್ಡ, ಬುಡದಲ್ಲಿ ಕೀಲು ಇದೆ, ಮಡಚಿ ಮಲಗಿಸಬಹುದು. ತಳದಿಂದ ನೀರಿಗಿಳಿಯುವ ನಡುವಿನ ಹಲಗೆ ಎತ್ತಿಬಿಟ್ಟರೆ ದೋಣಿಗೆ ಅರ್ಧ ಮೀಟರ್ ನೀರೂ ಬೇಡ, ಹಾಗಾಗಿ ಇಳಿಜಾರಿನಿಂದ ಇಳಿಸುವುದೂ ಸುಲಭ. 1979ರಲ್ಲಿ ಬಂದ ಈ ದೋಣಿ ಸಾವಿರಕ್ಕೂ ಹೆಚ್ಚು ತಯಾರಾಗಿದೆ. ಫೋಟೋಗೋಸ್ಕರ ಅಷ್ಟು ಜನ ದುಡ್ಡು ಕೊಡುವುದಿಲ್ಲ ಅಲ್ವಾ.

ಕೊಳ್ಳುವ ಮುಂಚೆ ಒಂದು ದಿನ ನೀವೇ ಹಾಯಿ ಏರಿಸಿ ನೋಡಿ. ಬರ್ಮುಡಾದಲ್ಲಿ ದೊಡ್ಡ ಹಾಯಿಗೆ ಒಂದೇ ಹಗ್ಗ, ಇಲ್ಲಿ ಎರಡು. ಒಂದು ಗ್ಯಾಫಿನ ಒಳತುದಿಗೆ, ಅಂದರೆ ಕಂಬಕ್ಕೆ ತಾಗುವ ತುದಿಗೆ, ಅದು ಥ್ರೋಟ್. ಇನ್ನೊಂದು ಹೊರತುದಿಯ ಕಡೆಗೆ, ಅದು ಪೀಕ್. ಎರಡನ್ನೂ ಒಟ್ಟಿಗೆ ಎಳೆದು ಗ್ಯಾಫ್ ಅಡ್ಡಕ್ಕೇ ಮೇಲೇರುವಂತೆ ನೋಡಿಕೊಳ್ಳಿ. ಪೂರ್ತಿ ಏರಿದ ಮೇಲೆ ಮೊದಲು ಥ್ರೋಟ್ ಬಿಗಿದು ಕಟ್ಟಿ, ಆಮೇಲೆ ಪೀಕ್ ಎಳೆಯುತ್ತಾ ಹೋಗಿ. ಹೊರತುದಿಯಿಂದ ಕಂಬದ ಬುಡದ ಕಡೆಯ ಮೂಲೆಗೆ ಓರೆಯಾಗಿ ಸುಕ್ಕು ಮೂಡುತ್ತದೆ. ಅಲ್ಲಿಗೆ ನಿಲ್ಲಿಸಿ. ಗಾಳಿ ತುಂಬಿದ ಕೂಡಲೇ ಆ ಸುಕ್ಕು ಮಾಯವಾದರೆ ಹಾಯಿ ಸರಿಯಾಗಿ ಕೂತಿದೆ ಅಂತ ಅರ್ಥ. ಸುಕ್ಕು ಇನ್ನೊಂದು ಕಡೆಗೆ, ಥ್ರೋಟಿನಿಂದ ಬೂಮಿನ (ಹಾಯಿಯ ಕೆಳಂಚಿನ ಮರದ) ಹಿಂತುದಿಗೆ ಬಿದ್ದರೆ ಪೀಕ್ ಇನ್ನೂ ಸಡಿಲ. ಬಹುತೇಕ ಜನ ಪೀಕನ್ನು ಸಡಿಲ ಬಿಟ್ಟುಕೊಂಡೇ "ಗ್ಯಾಫ್ ಎದುರುಗಾಳಿಗೆ ಹೋಗೋದೇ ಇಲ್ಲ" ಅಂತ ದೂರುತ್ತಾರೆ.

ಈ ಎರಡನೇ ಹಗ್ಗದಿಂದ ಒಂದು ಲಾಭವೂ ಇದೆ. ಇದ್ದಕ್ಕಿದ್ದಂತೆ ಗಾಳಿ ಎದ್ದಿತು, ರೀಫ್ ಕಟ್ಟಲು, ಅಂದರೆ ಹಾಯಿ ಮಡಚಿ ಚಿಕ್ಕದು ಮಾಡಲು, ಪುರುಸೊತ್ತಿಲ್ಲ ಅಂದುಕೊಳ್ಳಿ. ಬೂಮನ್ನು ಎತ್ತಿ ಹಿಡಿಯುವ ಟಾಪಿಂಗ್ ಲಿಫ್ಟ್ ಹಗ್ಗ ಬಿಗಿ ಮಾಡಿ, ಪೀಕ್ ಬಿಟ್ಟುಬಿಡಿ. ಗ್ಯಾಫ್ ಜೋತುಬೀಳುತ್ತದೆ, ಹಾಯಿಯ ಜೋರು ಅಲ್ಲೇ ಇಳಿಯುತ್ತದೆ. ಟಾಪಿಂಗ್ ಲಿಫ್ಟ್ ಮರೆತರೆ ಮಾತ್ರ ಬೂಮ್ ಯಾರದಾದರೂ ತಲೆ ಮೇಲೆ ಬರುತ್ತದೆ. ನಿಮ್ಮಿಂದ ಪಶ್ಚಿಮಕ್ಕೆ ಫಾಲ್ಮತ್‌ನ ಸಿಂಪಿ ದೋಣಿಗಳನ್ನು ಒಮ್ಮೆ ಹೋಗಿ ನೋಡಿ, ಚಳಿಗಾಲದಲ್ಲೇ ಹೋಗಬೇಕು. ಅಲ್ಲಿ ಸಿಂಪಿ ಹಿಡಿಯಲು ಇಂಜಿನ್ ಬಳಸುವಂತಿಲ್ಲ, ಹಾಯಿ ಇಲ್ಲವೇ ಹುಟ್ಟು ಮಾತ್ರ. ಹೊಟ್ಟೆಪಾಡಿಗೆ ಗ್ಯಾಫ್ ಹಾಯಿಯನ್ನೇ ನಂಬಿದವರು ಇವತ್ತಿಗೂ ಇದ್ದಾರೆ.

ಇನ್ನು ಹಳೆಯ ದೋಣಿಯಲ್ಲಿ ಪರೀಕ್ಷೆ ಮಾಡಬೇಕಾದದ್ದು ಸವೆತ. ಗ್ಯಾಫ್ ಕಂಬಕ್ಕೆ ಉಜ್ಜುವ ಜಾಗ ಮುಟ್ಟಿ ನೋಡಿ. ಅಲ್ಲಿ ಚರ್ಮ ಹೊದಿಸಿದ್ದರೆ ಅದು ಹರಿದಿದೆಯಾ, ಮರದಲ್ಲಿ ಬಿರುಕು ಇದೆಯಾ, ಕಂಬದ ಮೇಲೆ ಗೀರು ಬಿದ್ದಿದೆಯಾ ನೋಡಿ. ಹಿಂದಿನಿಂದ ಗಾಳಿ ಬಂದಾಗ ಹಾಯಿ ಪಕ್ಕದ ತಂತಿಗೆ ಒರಗುತ್ತದೆ, ಆ ಗೆರೆಯಲ್ಲಿ ಹೊಲಿಗೆ ಸವೆದಿರುತ್ತದೆ. ಇವೆಲ್ಲ ರಿಪೇರಿ ಆಗುವಂಥವೇ. ಆದರೆ ಚೌಕಾಸಿಗೆ ಬಹಳ ಉಪಯೋಗ.

ನನ್ನನ್ನು ಕೇಳಿದರೆ ಶ್ರಿಂಪರ್ ತಗೊಳ್ಳಿ. ಎದುರುಗಾಳಿಯ ಬೆಳಿಗ್ಗೆಗಳಿಗೆ ಇಂಜಿನ್ ಹಾಕಿಕೊಳ್ಳಿ, ನಾಚಿಕೆ ಏನಿಲ್ಲ. ರೇಸ್ ಬೇಕು ಅಂದಿದ್ದರೆ ಉತ್ತರ ಬೇರೆ ಇರುತ್ತಿತ್ತು.

ಪ್ರಶ್ನೆ: ಮಂಗಳೂರು ಬಂದರಿನಿಂದ ಲಕ್ಷದ್ವೀಪಕ್ಕೆ ಸಾಮಾನು ಒಯ್ಯುತ್ತಿದ್ದ ಮಂಜಿಗಳಿಗೂ ಓರೆ ಮರ ಇತ್ತಲ್ಲ, ಅದೂ ಗ್ಯಾಫೇನಾ?

ಉತ್ತರ: ಅಲ್ಲ. ಮಂಜಿಯ ಉದ್ದ ಮರ ಕಂಬಕ್ಕೆ ಅಡ್ಡ ಹಾಯ್ದು ಮುಂದಕ್ಕೂ ಚಾಚಿರುತ್ತಿತ್ತು, ಹಾಯಿಯ ಒಂದು ಪಾಲು ಕಂಬದ ಮುಂದೆಯೇ ಇರುತ್ತಿತ್ತು. ಗ್ಯಾಫಿನಲ್ಲಿ ಮರವೂ ಹಾಯಿಯೂ ಪೂರ್ತಿ ಕಂಬದ ಹಿಂದೆ. ಹಾಗಾಗಿ ದೋಣಿ ತಿರುಗಿಸಿದರೆ ಗ್ಯಾಫ್ ಹಾಯಿ ತಾನಾಗಿಯೇ ಆ ಕಡೆಗೆ ಹೋಗುತ್ತದೆ. ಅರಬ್ಬಿ ಸಮುದ್ರದ ಹಳೆಯ ಹಾಯಿಯಲ್ಲಾದರೆ ಆ ಭಾರದ ಮರವನ್ನು ಜನ ಸೇರಿ ಕಂಬದ ಇನ್ನೊಂದು ಮಗ್ಗುಲಿಗೆ ದಾಟಿಸಬೇಕಿತ್ತು. ಅದಕ್ಕೇ ಅದಕ್ಕೆ ಆಳುಗಳು ಜಾಸ್ತಿ ಬೇಕಾಗುತ್ತಿದ್ದರು.

ಪ್ರಶ್ನೆ: ಕಾರಿನ ಮೇಲೆ ಹೇರುವ ಪುಟ್ಟ ದೋಣಿಗೂ ಗ್ಯಾಫ್ ಹಾಕಬಹುದಾ?

ಉತ್ತರ: ಹಾಕಬಹುದು, ಆದರೆ ಅಷ್ಟು ಚಿಕ್ಕದಕ್ಕೆ ಗಂಟರ್ ನೋಡಿ. ಅದರಲ್ಲಿ ಗ್ಯಾಫ್ ಹೆಚ್ಚುಕಮ್ಮಿ ನೆಟ್ಟಗೆ ನಿಂತು ಕಂಬದ ಮುಂದುವರಿದ ಭಾಗದಂತೆ ಇರುತ್ತದೆ, ಹಾಯಿ ತ್ರಿಕೋನವೇ. 1960ರ ದಶಕದ ಮಿರರ್ ದೋಣಿಗೆ ಇದನ್ನೇ ಕೊಟ್ಟಿದ್ದರು. ಕಂಬ, ಗ್ಯಾಫ್ ಎರಡೂ ದೋಣಿಯ ಉದ್ದದೊಳಗೇ ಹಿಡಿಯುತ್ತವೆ, ಕಾರಿನಿಂದ ಏನೂ ಹೊರಗೆ ಚಾಚುವುದಿಲ್ಲ.