ಆಪ್ತಸಲಹೆ ಪ್ರಕರಣ: ಮೂರು ದೋಸೆ, ಏಳು ಜನ

ನನ್ನ ಹತ್ತಿರ ಆಪ್ತಸಲಹೆಗೆ ಬಂದ ಒಬ್ಬರ ಕಥೆ ಇದು. ಬರೆಯಲು ಅವರ ಒಪ್ಪಿಗೆ ಇದೆ. ಹೆಸರು ಹಾಕಿಲ್ಲ. ಕೆಲಸ, ಬೀದಿ, ಮನೆಯವರ ಕೆಲವು ವಿವರ ಬದಲಾಯಿಸಿದ್ದೇನೆ. ಊರನ್ನು ಮಾತ್ರ ಬದಲಾಯಿಸಿಲ್ಲ. ಚಿಕ್ಕಮಗಳೂರು ತೆಗೆದರೆ ಈ ಕಥೆಯಲ್ಲಿ ಏನೂ ಉಳಿಯುವುದಿಲ್ಲ.

ಅವರಿಗೆ 47 ವರ್ಷ. ಆಲ್ದೂರಿನ ಕಡೆಯವರು. ಅಪ್ಪ ಒಂದು ಕಾಫಿ ಎಸ್ಟೇಟಿನಲ್ಲಿ ಲೆಕ್ಕ ಬರೆಯುವ ರೈಟರ್ ಆಗಿದ್ದರು. 1996ರಿಂದ 1999ರವರೆಗೆ ದಿನಾ ಬಸ್ಸಲ್ಲಿ ಚಿಕ್ಕಮಗಳೂರಿಗೆ ಬಂದು ಬಿಎಸ್ಸಿ ಓದಿದರು. ಆಮೇಲೆ ಬೆಂಗಳೂರು, ಕಂಪ್ಯೂಟರ್ ಕೆಲಸ, ಮದುವೆ, ಮಗಳು. ಇಪ್ಪತ್ತು ವರ್ಷ ಅಲ್ಲಿ ಇದ್ದಾಗಲೆಲ್ಲ ಒಂದೇ ಮಾತು, ಊರಿಗೆ ಹೋಗಬೇಕು. ಕೊರೊನಾ ಟೈಮಲ್ಲಿ ಮನೆಯಿಂದ ಕೆಲಸ ಶುರುವಾಯಿತು. 2022ರಲ್ಲಿ ಹೆಂಡತಿ, ಮಗಳನ್ನು ಕರೆದುಕೊಂಡು ಪೂರ್ತಿ ಇಲ್ಲಿಗೇ ಬಂದುಬಿಟ್ಟರು.

ಅಂದರೆ ಬಯಸಿದ್ದು ಸಿಕ್ಕಿತ್ತು, ಅಲ್ವಾ? ಆದರೆ ನನ್ನ ಹತ್ತಿರ ಬಂದಾಗ ರಾತ್ರಿ ಎರಡು ಗಂಟೆಗೆ ಮುಂಚೆ ನಿದ್ದೆ ಬರುತ್ತಿರಲಿಲ್ಲ. ಊಟ ಸೇರುತ್ತಿರಲಿಲ್ಲ. ಸಂಜೆ ಆರಾದರೆ ಸುಮ್ನೆ ಕಾರು ತೆಗೆದುಕೊಂಡು ಹೊರಡುವುದು. ಐಜಿ ರೋಡ್, ಎಂಜಿ ರೋಡ್, ಆಜಾದ್ ಪಾರ್ಕ್ ಒಂದು ಸುತ್ತು, ಆಮೇಲೆ ಕಾಲೇಜ್ ಗೇಟಿನ ಎದುರು ಕಾರು ನಿಲ್ಲಿಸಿ ಒಂದು ಗಂಟೆ ಒಳಗೇ ಕೂರುವುದು, ಇಳಿಯುವುದೂ ಇಲ್ಲ, ಯಾರನ್ನೂ ಮಾತಾಡಿಸುವುದೂ ಇಲ್ಲ. ಮನೆಗೆ ಬಂದರೆ ಹಳೇ ಫೋಟೋ ಸ್ಕ್ಯಾನ್ ಮಾಡಿ ರಾತ್ರಿ ಹನ್ನೊಂದಕ್ಕೆ ಫ್ರೆಂಡ್ಸ್ ಗ್ರೂಪಿಗೆ ಹಾಕುವುದು. ಯಾರು ನೋಡಿದರು, ಯಾರು ನೋಡಿಯೂ ಉತ್ತರ ಕೊಡಲಿಲ್ಲ ಅಂತ ಲೆಕ್ಕ ಹಾಕುತ್ತಾ ಮಲಗುವುದು.

"ನನಗೇನೂ ಕಾಯಿಲೆ ಇಲ್ಲ ಮೇಡಂ, ಹೆಂಡತಿ ಹೇಳಿದ್ಲು ಅಂತ ಬಂದೆ" ಎಂದರು. ಆ ದಿನ ಹೆಂಡತಿಯೂ ಜೊತೆಗಿದ್ದರು. ಅವರು ಹೇಳಿದ ಒಂದು ಮಾತನ್ನು ನಾನು ಹಾಗೇ ಬರೆದಿಟ್ಟುಕೊಂಡೆ: "ನಮ್ಮನ್ನ ಇಲ್ಲಿಗೆ ಕರ್ಕೊಂಡು ಬಂದು ಇವರು ಮಾತ್ರ 1998ಕ್ಕೆ ಹೋಗಿ ಕೂತಿದ್ದಾರೆ. ನಾವಿಬ್ರೂ ಗೊತ್ತಿಲ್ಲದ ಊರಲ್ಲಿ ಒಂಟಿಯಾಗಿದ್ದೀವಿ."

ಮೊದಲು ಮಾಡಬೇಕಾದ್ದನ್ನು ಮಾಡಿದೆ. ಹಳೇದನ್ನು ನೆನೆಯುವುದು ಬೇರೆ, ಖಿನ್ನತೆ ಬೇರೆ. ಎರಡೂ ಒಟ್ಟಿಗೆ ಬರಬಹುದು. ಪಿಎಚ್‌ಕ್ಯು-9 ಅಂತ ಒಂಬತ್ತು ಪ್ರಶ್ನೆಗಳ ಪಟ್ಟಿ ಇದೆ, ಹಿಂದಿನ ಎರಡು ವಾರ ಹೇಗಿದ್ದಿರಿ ಎಂದು ಕೇಳುತ್ತದೆ, ಒಟ್ಟು 27 ಅಂಕ. ಹತ್ತು ಅಥವಾ ಅದಕ್ಕಿಂತ ಹೆಚ್ಚು ಬಂದರೆ ಸರಿಯಾಗಿ ಗಮನ ಕೊಡಬೇಕು. ಇವರದು 11 ಬಂತು. ಸಾಯುವ ಯೋಚನೆ ಇಲ್ಲ ಎಂದು ಬಿಡಿಸಿ ಕೇಳಿ ಖಾತ್ರಿ ಮಾಡಿಕೊಂಡೆ. ಮೂರು ವಾರದಲ್ಲಿ ನಿದ್ದೆ ಸುಧಾರಿಸದಿದ್ದರೆ ಮನೋವೈದ್ಯರನ್ನು ನೋಡಲೇಬೇಕು ಎಂದು ಆ ದಿನವೇ ಮಾತಾಯಿತು. ರಾತ್ರಿ ಹೊತ್ತು ತೀರಾ ತಡೆಯಲಾಗದಿದ್ದರೆ ಸರ್ಕಾರದ ಮಾನಸಿಕ ಆರೋಗ್ಯ ಸಹಾಯವಾಣಿ ಟೆಲಿ ಮಾನಸ್ 14416ಕ್ಕೆ ಫೋನ್ ಮಾಡಿ, ದುಡ್ಡು ಕೊಡಬೇಕಿಲ್ಲ, ಕನ್ನಡದಲ್ಲೇ ಮಾತಾಡುತ್ತಾರೆ ಎಂದು ನಂಬರ್ ಬರೆದುಕೊಟ್ಟೆ. ಇದನ್ನು ಓದುತ್ತಿರುವ ನೀವೂ ಆ ನಂಬರ್ ಇಟ್ಟುಕೊಳ್ಳಿ.

ಎರಡನೇ ಸಲ ಬಂದಾಗ ಅವರೇ ಕೇಳಿದರು. ನಾನು ಅಲ್ಲಿ ಕೂತು ಊರಿಗೆ ಅಳ್ತಿದ್ದೆ, ಈಗ ಊರಲ್ಲೇ ಕೂತು ಊರಿಗೆ ಅಳ್ತಿದ್ದೀನಿ, ಇದೇನು ಹುಚ್ಚಾ?

ಹುಚ್ಚಲ್ಲ. ನಾವು ಹಳಹಳಿಕೆ ಅನ್ನುತ್ತೇವಲ್ಲ, ಅದಕ್ಕೆ ವೈದ್ಯರು ನಾಸ್ಟಾಲ್ಜಿಯಾ ಎಂದು ಹೆಸರಿಟ್ಟಿದ್ದು 1688ರಲ್ಲಿ. ಯೋಹಾನೆಸ್ ಹೋಫರ್ ಎಂಬ ಸ್ವಿಸ್ ವೈದ್ಯ ವಿದ್ಯಾರ್ಥಿ ಇಟ್ಟ ಹೆಸರು. ಮನೆಗೆ ಮರಳುವುದು, ನೋವು ಎಂಬ ಎರಡು ಗ್ರೀಕ್ ಪದ ಸೇರಿಸಿ ಮಾಡಿದ್ದು. ಆ ಕಾಲಕ್ಕೆ ಅದೊಂದು ಕಾಯಿಲೆ, ಊರಿಗೆ ಕಳಿಸುವುದೇ ಅದಕ್ಕೆ ಮದ್ದು. ಆದರೆ ಸುಮಾರು ನೂರು ವರ್ಷದ ಮೇಲೆ, 1798ರಲ್ಲಿ, ಜರ್ಮನಿಯ ತತ್ವಜ್ಞಾನಿ ಕಾಂಟ್ ಇದೇ ವಿಷಯ ಎತ್ತಿಕೊಂಡು ಬೇರೆ ಮಾತು ಬರೆದ: ಹೀಗೆ ಹಂಬಲಿಸಿ ಊರಿಗೆ ಹೋದವರಿಗೆ ಅಲ್ಲಿ ನಿರಾಸೆಯಾಗುತ್ತದೆ, ಊರು ಬದಲಾಗಿದೆ ಅಂದುಕೊಳ್ಳುತ್ತಾರೆ, ನಿಜವಾಗಿ ಅವರಿಗೆ ಬೇಕಿದ್ದದ್ದು ತಮ್ಮ ಹರೆಯ. ಇದನ್ನು ಹೇಳಿದಾಗ ಅವರು ತುಂಬಾ ಹೊತ್ತು ಮಾತಾಡಲಿಲ್ಲ. ಆಮೇಲೆ, "ಕೈಮರದ ಹತ್ರ ವೀಕೆಂಡ್ ಟ್ರಾಫಿಕ್ ನೋಡಿ ಇಡೀ ಊರು ಹಾಳಾಯ್ತು ಅಂತ ದಿನಾ ಬೈತೀನಿ" ಎಂದರು. "ನಾವು ಸೈಕಲ್ಲಲ್ಲಿ ಹೋಗ್ತಿದ್ದ ರೋಡು ಅದು, ಮುಳ್ಳಯ್ಯನಗಿರಿ ಮೇಲೆ ನಾವು ಏಳು ಜನ ಫ್ರೆಂಡ್ಸ್ ಬಿಟ್ರೆ ಇನ್ಯಾರೂ ಇರ್ತಿರಲಿಲ್ಲ."

ಊರು ಬದಲಾಗಿರುವುದು ಸುಳ್ಳಲ್ಲ, ಅದನ್ನೂ ಒಪ್ಪಿಕೊಂಡೆ. ಅವರು ಓದುವಾಗ ಚಿಕ್ಕಮಗಳೂರಿಗೆ ರೈಲೇ ಇರಲಿಲ್ಲ, ಕಡೂರಿನಿಂದ ರೈಲು ಬಂದಿದ್ದು 2013ರಲ್ಲಿ. ಈಗ ಎಲ್ಲಿ ನೋಡಿದರೂ ಹೋಂಸ್ಟೇ ಬೋರ್ಡು. ಇದರ ಬೇಜಾರು ನನಗೂ ಇದೆ. ಆದರೆ ಟ್ರಾಫಿಕ್ಕಿಗೆ ಯಾರೂ ರಾತ್ರಿ ಎರಡು ಗಂಟೆವರೆಗೆ ಎದ್ದಿರುವುದಿಲ್ಲ.

ಇನ್ನೊಂದು ವಿಷಯವನ್ನೂ ಅವರಿಗೆ ಬಿಡಿಸಿ ಹೇಳಬೇಕಾಯಿತು. ಮಾರ್ಚಿನಲ್ಲಿ ಹೂಮಳೆ ಬಿದ್ದು ಒಂದು ವಾರ ಹತ್ತು ದಿನಕ್ಕೆ ತೋಟದ ತುಂಬ ಬೆಳ್ಳಗೆ ಕಾಫಿ ಹೂ ಅರಳಿದಾಗ ಆ ಮಲ್ಲಿಗೆಯಂಥ ವಾಸನೆಗೆ ಅವರು ಕಾರು ನಿಲ್ಲಿಸಿ ಅತ್ತಿದ್ದರು, ಅದಕ್ಕೆ ನಾಚಿಕೊಂಡಿದ್ದರು. ವಾಸನೆಯ ದಾರಿ ಮಿದುಳಿನಲ್ಲಿ ಭಾವನೆ ಮತ್ತು ನೆನಪಿನ ಜಾಗಗಳಿಗೆ ತುಂಬಾ ಹತ್ತಿರ, ಕಣ್ಣು ಕಿವಿಯ ದಾರಿಗಿಂತ ನೇರ. ನಲವತ್ತು ದಾಟಿದವರನ್ನು ಹಳೇ ನೆನಪು ಹೇಳಿ ಎಂದರೆ ಹತ್ತರಿಂದ ಮೂವತ್ತು ವಯಸ್ಸಿನ ಒಳಗಿನದೇ ಜಾಸ್ತಿ ಬರುತ್ತವೆ. ಎಲ್ಲ ಮೊದಲ ಸಲ ಆಗುವುದು ಆಗಲೇ ತಾನೇ. ಅದಕ್ಕೆ ನಾಚಿಕೊಳ್ಳುವುದೇನೂ ಇಲ್ಲ. ಇಂಗ್ಲೆಂಡಿನ ಸೌತಾಂಪ್ಟನ್ ವಿಶ್ವವಿದ್ಯಾಲಯದ ವೈಲ್ಡ್‌ಶುಟ್, ಸೆಡಿಕೀಡಿಸ್ ಮತ್ತು ಜೊತೆಯವರು 2006ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ, ಮನಸ್ಸು ಕುಗ್ಗಿದಾಗ, ಒಂಟಿತನ ಕಾಡಿದಾಗ ಜನ ಹಳೇ ದಿನಗಳ ಕಡೆ ತಿರುಗುತ್ತಾರೆ, ಅದರಿಂದ ಅವರಿಗೆ ಸ್ವಲ್ಪ ಬಲವೂ ಬರುತ್ತದೆ ಎಂದು ಕಂಡಿತು. ಹಾಗಾದರೆ ಇವರಿಗೆ ಯಾಕೆ ಬಲ ಬರುತ್ತಿಲ್ಲ? ನನ್ನ ತಲೆಯಲ್ಲಿ ಓಡುತ್ತಿದ್ದ ಪ್ರಶ್ನೆ ಅದೊಂದೇ.

ಮೂರನೇ ಸಲ ಒಂದು ಕೆಲಸ ಕೊಟ್ಟೆ. ಕಾಲೇಜಿನ ಒಂದು ದಿನ ತೆಗೆದುಕೊಳ್ಳಿ, ಒಂದೇ ದಿನ, ಬೆಳಗ್ಗೆ ಎದ್ದಾಗಿನಿಂದ ರಾತ್ರಿ ಮಲಗುವವರೆಗೆ ಹೇಳಿ. ಚೆನ್ನಾಗಿದ್ದದ್ದು, ಇಲ್ಲದ್ದು ಎರಡೂ ಬರಲಿ.

ಅವರು 1998ರ ಜುಲೈ ತಿಂಗಳ ಒಂದು ದಿನ ಆರಿಸಿಕೊಂಡರು. ಪರ್ಸಿನಿಂದ ಹಳೇ ಬಸ್ ಪಾಸ್ ತೆಗೆದು ಮೇಜಿನ ಮೇಲಿಟ್ಟರು. ಲ್ಯಾಮಿನೇಷನ್ ಮಾಡಿಸಿದ್ದರು, ಆದರೆ ಅದಕ್ಕೂ ಮುಂಚೆಯೇ ಒಂದು ಮೂಲೆ ನೆನೆದು ಶಾಯಿ ಹರಡಿ ನೀಲಿ ಕಲೆಯಾಗಿತ್ತು. ಆ ಕಲೆ ಆ ದಿನದ್ದೇ ಅಂತೆ. ಲ್ಯಾಬ್ ತಪ್ಪಿಸಿ ಏಳು ಜನ ರತ್ನಗಿರಿ ಬೋರೆಗೆ ಹೋಗಿದ್ದಾರೆ. ಮಲೆನಾಡಿನ ಮಳೆ, ಏಳು ಜನಕ್ಕೆ ಎರಡು ಕೊಡೆ. ನೆನೆದು ತೊಪ್ಪೆಯಾಗಿ ಇಳಿದು ಬಂದು ಟೌನ್ ಕ್ಯಾಂಟೀನಿನಲ್ಲಿ ಮೂರು ಬೆಣ್ಣೆ ದೋಸೆ ಹೇಳಿ ಏಳು ಜನ ಕಿತ್ತುಕೊಂಡು ತಿಂದಿದ್ದಾರೆ. ಹೇಳುವಾಗ ಮುಖದಲ್ಲಿ ಇಪ್ಪತ್ತು ವರ್ಷದ ಹುಡುಗ ಕಾಣುತ್ತಿದ್ದ, ನನಗೂ ಖುಷಿಯಾಯಿತು.

ಬೆಳಗ್ಗೆ ಮನೆಯಿಂದ ಹೊರಡುವಾಗ ಹೇಗಿತ್ತು ಎಂದು ಕೇಳಿದೆ. ನಗು ನಿಂತಿತು. ಅಪ್ಪ ಹಿಂದಿನ ರಾತ್ರಿ ಕುಡಿದು ಬಂದು ಗಲಾಟೆ ಮಾಡಿದ್ದರು. ಅಮ್ಮ ಏನೂ ಆಗಿಲ್ಲ ಎನ್ನುವ ಹಾಗೆ ಬೆಲ್ಲದ ಕಾಫಿ ಕೊಟ್ಟು ಕಳಿಸಿದ್ದರು. ಜೇಬಿನಲ್ಲಿ ಪಾಸ್ ಬಿಟ್ಟರೆ ಒಂದು ರೂಪಾಯಿಯೂ ಇರಲಿಲ್ಲ.

"ಹಾಗಾದ್ರೆ ದೋಸೆ ಬಿಲ್ ಯಾರು ಕೊಟ್ಟಿದ್ದು?"

ಸುಮ್ನೆ ಕೇಳಿದ ಪ್ರಶ್ನೆ ಅದು, ಯಾವ ತಂತ್ರವೂ ಇರಲಿಲ್ಲ. ಅವರು ಬಸ್ ಪಾಸನ್ನೇ ನೋಡುತ್ತಾ ಕೂತರು. ಆಮೇಲೆ ಒಂದು ಹೆಸರು ಹೇಳಿದರು. ಮೂರು ಸಲದಲ್ಲಿ ಆ ಹೆಸರು ಒಮ್ಮೆಯೂ ಬಂದಿರಲಿಲ್ಲ. ಕಥೆಯಲ್ಲಿ ಯಾವಾಗಲೂ ಏಳು ಜನ, ಫೋನಿನ ಗ್ರೂಪಿನಲ್ಲಿ ಆರೇ ಜನ. ಇದು ನನ್ನ ಟಿಪ್ಪಣಿಯಲ್ಲೇ ಇತ್ತು, ನಾನು ಮೊದಲೇ ಹಿಡಿಯಬೇಕಿತ್ತು.

ಬಿಲ್ ಯಾವಾಗಲೂ ಕೊಡುತ್ತಿದ್ದದ್ದು ಆ ಏಳನೆಯವರು. ಪರೀಕ್ಷೆ ಫೀಸನ್ನೂ ಒಂದು ಸಲ ಕಟ್ಟಿದ್ದರು. ಮನೆಯಲ್ಲಿ ಗಲಾಟೆಯಾದ ದಿನ ಇವರು ಹೋಗಿ ಮಲಗುತ್ತಿದ್ದದ್ದೂ ಅವರ ಮನೆಯಲ್ಲೇ. 2009ರಲ್ಲಿ ಅವರ ತಾಯಿಗೆ ಹುಷಾರಿಲ್ಲದೆ ಆಪರೇಷನ್‌ಗೆ ದುಡ್ಡು ಬೇಕಾಗಿ ಇವರಿಗೆ ಫೋನ್ ಮಾಡಿದ್ದಾರೆ. ಇವರು ಆಗಷ್ಟೇ ಮನೆ ಸಾಲ ತೆಗೆದಿದ್ದರು. ಒಂದು ಸಲ ನೋಡ್ತೀನಿ ಅಂದರು, ಆಮೇಲೆ ಫೋನ್ ಎತ್ತುವುದನ್ನೇ ನಿಲ್ಲಿಸಿದರು. ಆ ತಾಯಿ ಅದೇ ವರ್ಷ ತೀರಿಕೊಂಡರು. ಆ ಗೆಳೆಯ ಈಗ ಇದೇ ಊರಲ್ಲಿ ಕಾಫಿಪುಡಿ ಅಂಗಡಿ ಇಟ್ಟಿದ್ದಾರೆ. ಇವರು ಬಂದು ಮೂರು ವರ್ಷ ಆಗುತ್ತಾ ಬಂತು, ಸಂಜೆಯ ಸುತ್ತಾಟದಲ್ಲಿ ಆ ಬೀದಿಗೆ ಒಮ್ಮೆಯೂ ಕಾರು ತಿರುಗಿಸಿಲ್ಲ.

ನನಗೆ ಆಗ ಅರ್ಥವಾಯಿತು, ಈ ಮನುಷ್ಯ ಹಳೇ ದಿನಗಳ ಹೊಸಿಲಿನವರೆಗೆ ದಿನಾ ಹೋಗುತ್ತಾರೆ, ಒಳಗೆ ಹೋಗಲು ಮುಖ ಇಲ್ಲ, ಅದಕ್ಕೇ ಕಾರಿನಿಂದ ಇಳಿಯುವುದಿಲ್ಲ.

ಅವರಿಗೆ ನಾನು ಕೊಟ್ಟ ಸಲಹೆ ಇಷ್ಟು. ನೆನಪು ಮಾಡಿಕೊಳ್ಳುವುದನ್ನು ಬಿಡಬೇಡಿ, ಆದರೆ ರಾತ್ರಿ ಹತ್ತರ ಮೇಲೆ ಹಳೇ ಫೋಟೋ ಬೇಡ, ಫೋನ್ ಅಡುಗೆಮನೆಯಲ್ಲಿ ಚಾರ್ಜಿಗೆ ಹಾಕಿ ಮಲಗಿ. ಗ್ರೂಪಿಗೆ ಏನೂ ಹಾಕಬೇಡಿ ಸದ್ಯಕ್ಕೆ. ಆರು ಜನರಿದ್ದ ಕಡೆ ಮಾತಾಡಿದರೆ ಉತ್ತರ ಕೊಡುವ ಜವಾಬ್ದಾರಿ ಯಾರದ್ದೂ ಅಲ್ಲ. ವಾರಕ್ಕೆ ಒಬ್ಬರಿಗೆ ಫೋನ್ ಮಾಡಿ, ಹಳೇದು ಹೇಳುವ ಮುಂಚೆ ಈಗ ಹೇಗಿದ್ದೀಯ ಎಂದು ಕೇಳಿ. ಮಗಳಿಗೆ ನಮ್ಮ ಕಾಲದಲ್ಲಿ ಹಾಗಿತ್ತು ಹೀಗಿತ್ತು ಎಂದು ಹೇಳುವುದನ್ನು ಒಂದು ತಿಂಗಳು ಪೂರ್ತಿ ನಿಲ್ಲಿಸಿ, ಅವಳಿಗೆ ಈ ಊರಲ್ಲಿ ಯಾವ ಜಾಗ ಇಷ್ಟ ಎಂದು ಕೇಳಿ ಅಲ್ಲಿಗೆ ಕರೆದುಕೊಂಡು ಹೋಗಲು ಹೇಳಿ. ಹೆಂಡತಿಗೆ ಈ ಏಳನೆಯವರ ಕಥೆಯನ್ನು ಇವತ್ತೇ ಹೇಳಿ.

ಕೊನೆಯದು ಅಂಗಡಿ. ಅದಕ್ಕೆ ಅವರು ಒಪ್ಪಲು ಎರಡು ವಾರ ಬೇಕಾಯಿತು. ಏನಂತ ಹೇಳಲಿ, ಎಷ್ಟು ದುಡ್ಡು ಕೊಡಲಿ ಎಂದು ಕೇಳಿದರು. ದುಡ್ಡು ತೆಗೆದುಕೊಂಡು ಹೋಗಬೇಡಿ ಎಂದೆ. ಹದಿನೈದು ವರ್ಷದ ಮೇಲೆ ಕವರ್ ಹಿಡಿದುಕೊಂಡು ಹೋದರೆ ಅದು ಇನ್ನೊಂದು ಅವಮಾನ. ದೊಡ್ಡ ಭಾಷಣವೂ ಬೇಡ. ಕಾಲು ಕೇಜಿ ಪುಡಿ ಕೇಳಿ. ಹೇಳಬೇಕಾದ್ದು ಒಂದೇ ಮಾತು, ಅದಕ್ಕೆ ಕಾರಣ ಜೋಡಿಸಬೇಡಿ. ಕ್ಷಮಿಸದೇ ಇರುವ ಹಕ್ಕು ಅವರಿಗಿದೆ, ಬೈದರೆ ಕೇಳಿಸಿಕೊಂಡು ಬನ್ನಿ, ಮಾತಾಡಿಸದಿದ್ದರೆ ಪುಡಿ ತೆಗೆದುಕೊಂಡು ಬನ್ನಿ.

ಎರಡು ಸಲ ಅಂಗಡಿವರೆಗೆ ಹೋಗಿ ವಾಪಸ್ ಬಂದರು. ಮೂರನೇ ಸಲ ಒಳಗೆ ಹೋದರು. ಗೆಳೆಯ ಗುರುತು ಹಿಡಿದರು, ಆದರೆ ಗಿರಾಕಿಯನ್ನು ಕೇಳುವ ಹಾಗೇ ಕೇಳಿದರಂತೆ, ಚಿಕೋರಿ ಎಷ್ಟು ಹಾಕ್ಲಿ ಅಂತ. ಇವರು ಚಿಕೋರಿ ಬೇಡ ಅಂದರು. ಬೀಜ ಮಷೀನಿಗೆ ಬಿತ್ತು, ಆ ಸದ್ದಿನಲ್ಲಿ ಏನೂ ಮಾತಾಡುವ ಹಾಗಿರಲಿಲ್ಲ. ಮಷೀನ್ ನಿಂತ ಮೇಲೆ ಇವರು, "ಅವತ್ತು ನಾನು ಫೋನ್ ಎತ್ತಬೇಕಿತ್ತು ಕಣೋ" ಎಂದರು. ಅವರು ಬಿಸಿ ಪುಡಿಯನ್ನು ಕವರಿಗೆ ಹಾಕಿ, ತಕ್ಕಡಿ ಮೇಲಿಟ್ಟು, ಇನ್ನೊಂದು ಚಮಚ ಸೇರಿಸಿ, ಬಾಯಿ ಮಡಚಿ ರಬ್ಬರ್ ಬ್ಯಾಂಡ್ ಹಾಕುವವರೆಗೆ ತಲೆ ಎತ್ತಲಿಲ್ಲ. ಆಮೇಲೆ, "ಹೌದು, ಎತ್ತಬೇಕಿತ್ತು" ಎಂದರು. ಸ್ವಲ್ಪ ಹೊತ್ತು ಬಿಟ್ಟು, "ಅಮ್ಮ ನಿನ್ನ ಕೇಳ್ತಿದ್ಲು" ಎಂದರು. ಇವರು ಅಲ್ಲೇ ಸ್ಟೂಲಿನ ಮೇಲೆ ಕೂತು ಅತ್ತರು. ಗೆಳೆಯ ಪುಡಿಯ ದುಡ್ಡನ್ನು ಎಣಿಸಿ ತೆಗೆದುಕೊಂಡರು, ಚಿಲ್ಲರೆಯನ್ನೂ ವಾಪಸ್ ಕೊಟ್ಟರು.

ಎಲ್ಲ ಸರಿಹೋಯಿತು ಎಂದು ನಾನು ಬರೆಯುವುದಿಲ್ಲ, ಹೋಗಿಲ್ಲ. ಇಬ್ಬರೂ ಮೊದಲಿನ ಹಾಗೆ ಇಲ್ಲ. ಆದರೆ ಇವರು ಶನಿವಾರ ಪುಡಿಗೆ ಹೋಗುತ್ತಾರೆ, ಅರ್ಧ ಗಂಟೆ ಸ್ಟೂಲಿನ ಮೇಲೆ ಕೂರುತ್ತಾರೆ, ಒಮ್ಮೊಮ್ಮೆ ಮಾತಾಡುತ್ತಾರೆ, ಒಮ್ಮೊಮ್ಮೆ ಗಿರಾಕಿ ಜಾಸ್ತಿ ಇದ್ದರೆ ಕವರ್ ಹಿಡಿದುಕೊಡುತ್ತಾರೆ. ಮಗಳು ಅವರನ್ನು ಒಂದು ಭಾನುವಾರ ಕೋಟೆ ಕೆರೆ ಹತ್ತಿರ ಕರೆದುಕೊಂಡು ಹೋಗಿ ತಾನೂ ತನ್ನ ಗೆಳತಿಯರೂ ಕೂರುವ ಕಲ್ಲುಕಟ್ಟೆ ತೋರಿಸಿದ್ದಾಳೆ. ಹೆಂಡತಿ ಫೋನಿನಲ್ಲಿ ಹೇಳಿದ್ದು, ಈಗ ಊಟದ ಹೊತ್ತಿಗೆ ಮನೆಯಲ್ಲಿ ಮೂರು ಜನ ಇರುತ್ತೇವೆ ಎಂದು. ನಿದ್ದೆ ಹನ್ನೆರಡಕ್ಕೆ ಬರುತ್ತಿದೆ. ಎರಡು ತಿಂಗಳ ಮೇಲೆ ಮತ್ತೆ ಹಾಕಿದ ಪಿಎಚ್‌ಕ್ಯು-9 ಐದಕ್ಕೆ ಇಳಿದಿತ್ತು, ಹಾಗಾಗಿ ಔಷಧಿಯ ಮಾತು ಮುಂದಕ್ಕೆ ಹೋಗಲಿಲ್ಲ. ಇನ್ನೂ ತಿಂಗಳಿಗೊಮ್ಮೆ ಬರಲು ಹೇಳಿದ್ದೇನೆ.

ಕೊನೆಯ ಸಲ ಏಳುವಾಗ ಅವರು ಕೇಳಿದ್ದು, ಕಾಲೇಜ್ ಗೇಟಿನ ಹತ್ರ ಹೋಗೋದು ಪೂರ್ತಿ ಬಿಟ್ಟುಬಿಡ್ಲಾ ಮೇಡಂ ಎಂದು. ಯಾಕೆ ಬಿಡಬೇಕು, ಹೋಗಿ ಎಂದೆ. ಕಾರಿನಿಂದ ಇಳಿದು ಹೋಗಿ.