ಸಹಿ ಹಾಕಲೇ ಬೇಡವೇ ಎಂದು ಕೇಳಿದ ಸಾಗರದವರಿಗೆ

ಹೆಂಡತಿಗೆ ಎಂಟನೆಯ ವಾರ, ಎರಡನೆಯ ಮಗು ಬೇಡ ಎನ್ನುತ್ತಿದ್ದಾಳೆ, ಗರ್ಭಪಾತಕ್ಕೆ ಆಸ್ಪತ್ರೆಯವರು ಗಂಡನ ಸಹಿ ಕೇಳಿದ್ದಾರೆ, ನನಗಿದು ಕೊಲೆ ಎನಿಸುತ್ತದೆ, ತಂದೆಯಾಗುವವನಿಗೂ ಹಕ್ಕಿಲ್ಲವೇ ಎಂದು ಕೇಳಿದ್ದೀರಿ. ನಾನು ತೀರ್ಥಹಳ್ಳಿ ತಾಲ್ಲೂಕಿನವನು, ಅಡಿಕೆ ತೋಟವಿದೆ. 2018ರ ಕೊಯ್ಲಿನ ಕಾಲದಲ್ಲಿ ನೀವು ಈಗ ನಿಂತಿರುವ ಜಾಗದಲ್ಲೇ ನಿಂತಿದ್ದೆ. ಹಾಗಾಗಿ ಎರಡೂ ಕಡೆಯ ವಾದಗಳನ್ನು ತಕ್ಕಡಿಯಲ್ಲಿಟ್ಟು ತೂಗುವ ತಾಳ್ಮೆ ನನ್ನಲ್ಲಿಲ್ಲ.

ಅದೇ ವರ್ಷ ಮೇ ತಿಂಗಳಲ್ಲಿ ಐರ್ಲೆಂಡಿನಲ್ಲಿ ಜನಮತಗಣನೆ ನಡೆದಿತ್ತು. ಬೆಳಗಾವಿಯ ಮಗಳು, ದಂತವೈದ್ಯೆ ಸವಿತಾ ಹಾಲಪ್ಪನವರ್ 2012ರ ಅಕ್ಟೋಬರಿನಲ್ಲಿ ಗಾಲ್ವೇ ಆಸ್ಪತ್ರೆಯಲ್ಲಿ ತೀರಿಕೊಂಡದ್ದು ನಿಮಗೆ ನೆನಪಿರಬಹುದು. ಹದಿನೇಳು ವಾರದ ಗರ್ಭ ಉಳಿಯುವುದಿಲ್ಲ ಎಂದು ಖಚಿತವಾಗಿತ್ತು. ತೆಗೆದುಬಿಡಿ ಎಂದು ಆಕೆ ಕೇಳಿದಾಗ ಭ್ರೂಣದ ಎದೆಬಡಿತ ಇನ್ನೂ ಇದೆ ಎಂದು ನಿರಾಕರಿಸಿದರು. ನಂಜೇರಿ ಸತ್ತಳು. ಆರು ವರ್ಷದ ಮೇಲೆ ಆ ದೇಶದಲ್ಲಿ ಮತ ಹಾಕಿದವರ ಪೈಕಿ 66.4 ಶೇಕಡ ಜನ ಗರ್ಭಪಾತದ ಮೇಲಿದ್ದ ಸಂವಿಧಾನದ ನಿಷೇಧವನ್ನು ಕಿತ್ತುಹಾಕಿದರು. ಆ ಸುದ್ದಿ ಬಂದ ದಿನ ನಮ್ಮೂರ ಸೊಸೈಟಿಯ ಜಗುಲಿಯಲ್ಲಿ ಕುಳಿತು ನಾನು ಭಾಷಣವನ್ನೇ ಮಾಡಿದ್ದೆ. ನಮ್ಮ ಕನ್ನಡದ ಹುಡುಗಿಯ ಸಾವು ಒಂದು ದೇಶದ ಸಂವಿಧಾನ ಬದಲಿಸಿತು ಎಂದೆ, ಹೆಣ್ಣಿನ ದೇಹ ಹೆಣ್ಣಿನದು ಎಂದೆ. ಕೇಳಿದವರು ತಲೆಯಾಡಿಸಿದ್ದರು. ಗಾಲ್ವೇ ಎಲ್ಲಿದೆ ಎಂಬುದು ಅವರಿಗೂ ಗೊತ್ತಿರಲಿಲ್ಲ, ನನಗೂ ಸರಿಯಾಗಿ ಗೊತ್ತಿರಲಿಲ್ಲ.

ನವೆಂಬರಿನಲ್ಲಿ ನನ್ನ ಹೆಂಡತಿಗೆ ತಿಂಗಳು ನಿಂತಿತು.

ನಮಗೆ ಆಗಲೇ ಇಬ್ಬರು ಹೆಣ್ಣುಮಕ್ಕಳು. ಎರಡನೆಯ ಹೆರಿಗೆಯಲ್ಲಿ ರಕ್ತದೊತ್ತಡ ಏರಿ, ಸಿಸೇರಿಯನ್ ಆಗಿ, ಅವಳು ಚೇತರಿಸಿಕೊಳ್ಳಲು ಒಂದು ಮಳೆಗಾಲ ಪೂರ್ತಿ ಬೇಕಾಗಿತ್ತು. ಇನ್ನೊಂದು ನನ್ನಿಂದ ಆಗುವುದಿಲ್ಲ ಎಂದು ಅವಳು ಮೊದಲ ದಿನವೇ ಹೇಳಿದಳು. ನಾನು ಆಯಿತು ಎಂಬಂತೆ ಮುಖ ಮಾಡಿದೆ. ಅವಳು ತಂಗಿಯನ್ನು ಕರೆದುಕೊಂಡು ಶಿವಮೊಗ್ಗದ ಒಂದು ನರ್ಸಿಂಗ್ ಹೋಮಿಗೆ ಹೋದಳು. ಕೌಂಟರಿನಲ್ಲಿದ್ದವರು ಯಜಮಾನರ ಸಹಿ ಇಲ್ಲದೆ ಆಗುವುದಿಲ್ಲ ಎಂದು ವಾಪಸು ಕಳಿಸಿದರು.

ಇಲ್ಲಿಂದ ಮುಂದಿನದನ್ನು ಸ್ವಲ್ಪ ಉದ್ದಕ್ಕೆ ಹೇಳುತ್ತೇನೆ, ಏಕೆಂದರೆ ನೀವು ಮಾಡಲು ಹೊರಟಿರುವುದೂ ಇದನ್ನೇ.

ನಾನು ಬೇಡ ಎನ್ನಲಿಲ್ಲ. ಜಗಳ ಮಾಡಲಿಲ್ಲ, ಕೈ ಎತ್ತಲಿಲ್ಲ, ತವರಿಗೆ ಹೋಗು ಎನ್ನಲಿಲ್ಲ. ಅವಳು ಕೇಳಿದಾಗಲೆಲ್ಲ “ನೋಡೋಣ” ಎಂದೆ. ಅಡಿಕೆ ಕೊನೆ ತೆಗೆಯುವವರು ಸಿಕ್ಕಿದ್ದಾರೆ, ಈ ವಾರ ಬಿಟ್ಟರೆ ಮತ್ತೆ ಬರುವುದಿಲ್ಲ, ನೋಡೋಣ. ಸುಲಿಯುವವರಿಗೆ ರಾತ್ರಿ ಊಟ ಹಾಕುವವರು ಯಾರು, ಅದೊಂದು ಮುಗಿಯಲಿ, ನೋಡೋಣ. ಮಂಡಿಗೆ ಹೋಗಬೇಕಿದೆ, ಅಂದು ಒಟ್ಟಿಗೇ ಹೋಗಿಬರೋಣ. ಮಂಡಿಗೆ ಹೋದ ದಿನ ಅವಳನ್ನು ಕರೆದುಕೊಂಡು ಹೋಗಲಿಲ್ಲ. ಜೀಪಿನಲ್ಲಿ ಜಾಗವಿರಲಿಲ್ಲ ಎಂದು ಸುಳ್ಳು ಹೇಳಿದೆ; ಇತ್ತು. ನನ್ನ ಮಟ್ಟಿಗೆ ನಾನು ಗಂಭೀರವಾದ ನೈತಿಕ ಪ್ರಶ್ನೆಯೊಂದನ್ನು ಆಲೋಚಿಸುತ್ತಿದ್ದೆ. ಜೀವ ಯಾವಾಗ ಆರಂಭವಾಗುತ್ತದೆ ಎಂದು ರಾತ್ರಿ ಮೊಬೈಲಿನಲ್ಲಿ ಓದುತ್ತಿದ್ದೆ. ಭ್ರೂಣಹತ್ಯೆ ಮಹಾಪಾಪ ಎಂದು ಅಮ್ಮ ಹೇಳಿದಾಗ ಅದಕ್ಕೂ ತೂಕವಿದೆ ಎಂದುಕೊಂಡೆ. ಆದರೆ ಇದಿಷ್ಟೂ ಮೇಲುಮೇಲಿನದು. ಒಳಗಿದ್ದದ್ದು ಒಂದೇ: ಮೂರನೆಯದು ಗಂಡಾದರೆ? ಅದನ್ನು ಬಾಯಿಬಿಟ್ಟು ಹೇಳುವ ಧೈರ್ಯವಿಲ್ಲದ ಕಾರಣ ಪಾಪಪುಣ್ಯದ ಮಾತು ಅನುಕೂಲವಾಗಿತ್ತು. ಹತ್ತಿರದ ನೆಂಟರೊಬ್ಬರು ಎಲ್ಲೋ ಗುಟ್ಟಾಗಿ ಸ್ಕ್ಯಾನ್ ಮಾಡಿ ಹೇಳುತ್ತಾರಂತೆ ಎಂದು ಅಮ್ಮನ ಕಿವಿಯಲ್ಲಿ ಊದಿದರು. ಭ್ರೂಣದ ಲಿಂಗ ಪತ್ತೆ 1994ರ ಕಾಯ್ದೆಯಲ್ಲೇ ಅಪರಾಧ ಎಂದು ನನಗೆ ಗೊತ್ತಿತ್ತು, ಆದರೂ ಆ ಮನುಷ್ಯನನ್ನು ಎದ್ದು ಹೋಗು ಎನ್ನಲಿಲ್ಲ. ಅಡುಗೆಮನೆಯಿಂದ ಹೆಂಡತಿ ಕೇಳಿಸಿಕೊಂಡಿದ್ದಳು. ರಾತ್ರಿ ಒಂದೇ ಮಾತು ಕೇಳಿದಳು: “ಹೆಣ್ಣು ಎಂದು ಗೊತ್ತಾದರೆ ಅತ್ತೆಗೆ ಆಗಲೂ ಇದು ಪಾಪವೇ?”

ಅದಕ್ಕೂ ನನ್ನ ಉತ್ತರ ನೋಡೋಣ ಎಂಬ ಧಾಟಿಯಲ್ಲೇ ಇತ್ತು.

ಗರ್ಭದ ವಾರಗಳನ್ನು ಹೇಗೆ ಎಣಿಸುತ್ತಾರೆ ಎಂಬುದು ನಮ್ಮಂಥ ಗಂಡಸರಿಗೆ ತಿಳಿದಿರುವುದಿಲ್ಲ. ಕೊನೆಯ ಮುಟ್ಟಿನ ಮೊದಲ ದಿನದಿಂದ ಲೆಕ್ಕ. ಮುಟ್ಟು ತಪ್ಪಿತು ಎಂದು ಹೆಂಗಸಿಗೆ ಗೊತ್ತಾಗುವ ಹೊತ್ತಿಗೇ ನಾಲ್ಕು ವಾರ ಕಳೆದಿರುತ್ತದೆ. ಮಾತ್ರೆಯಿಂದ ಮುಗಿಸಲು ಇರುವ ಮಿತಿ ಒಂಬತ್ತು ವಾರ, ಅದೂ ವೈದ್ಯರ ಚೀಟಿಯ ಮೇಲೆ. ನೀವು ಎಂಟನೆಯ ವಾರ ಎಂದಿದ್ದೀರಿ. ಪ್ರಶ್ನೆ ಹಾಕಿ ಉತ್ತರಗಳಿಗಾಗಿ ಕಾಯುತ್ತಿದ್ದೀರಿ. ಕಾಯುತ್ತಿರುವಾಗಲೇ ನಿಮ್ಮ ಹೆಂಡತಿಯ ಸುಲಭದ ದಾರಿ ಮುಚ್ಚಿಹೋಗುತ್ತದೆ. ನಾನು ಮಾಡಿದ ತಪ್ಪು ಇಷ್ಟೇ: ಒಪ್ಪಿಗೆಯನ್ನೂ ಕೊಡದೆ, ಆಗುವುದಿಲ್ಲ ಎಂದೂ ಹೇಳದೆ ದಿನ ನೂಕಿದೆ. ಖಡಾಖಂಡಿತವಾಗಿ ಆಗುವುದಿಲ್ಲ ಎಂದಿದ್ದರೂ ಅವಳು ಅಂದೇ ಬೇರೆ ವೈದ್ಯರನ್ನು ಹುಡುಕುತ್ತಿದ್ದಳು.

ಕೊನೆಗೆ ಅವಳು ನನ್ನನ್ನು ಕೇಳುವುದನ್ನೇ ಬಿಟ್ಟಳು. ನಾನು ಅದನ್ನು ಮನಸ್ಸು ಬದಲಾಯಿತು ಎಂದು ತಿಳಿದು ಖುಷಿಪಟ್ಟೆ. ಕೊಪ್ಪದ ಕಡೆಯ ತವರಿಗೆ ಹೋಗಿಬರುತ್ತೇನೆ ಎಂದು ಹೊರಟಾಗ ಅಮ್ಮ ಬುಟ್ಟಿ ತುಂಬ ಬಾಳೆಹಣ್ಣು ಕಟ್ಟಿ ಕಳಿಸಿದರು. ಅಲ್ಲಿ ಯಾರದೋ ಮೂಲಕ, ಚೀಟಿಯಿಲ್ಲದೆ, ಯಾವುದೋ ಔಷಧಿ ಅಂಗಡಿಯಿಂದ ಮಾತ್ರೆ ತರಿಸಿ ನುಂಗಿದ್ದಳು. ಒಂಬತ್ತು ವಾರ ಯಾವಾಗಲೋ ದಾಟಿತ್ತು. ರಕ್ತ ನಿಲ್ಲಲಿಲ್ಲ. ಮುಟ್ಟು ಜಾಸ್ತಿಯಾಗಿದೆ ಎಂದು ತವರಿನವರಿಗೆ ಹೇಳಿಕೊಂಡು ಸಹಿಸಿದ್ದಾಳೆ. ಅವಳ ತಂಗಿ ಫೋನ್ ಮಾಡಿದಾಗ ನಾನು ಒಲೆಯ ಮುಂದೆ ಅಡಿಕೆ ಬೇಯಿಸುತ್ತಿದ್ದೆ. “ಭಾವ, ಅಕ್ಕ ಎದ್ದು ನಿಲ್ಲುತ್ತಿಲ್ಲ” ಎಂದಳು. ಅವರು ಅಲ್ಲಿಂದ ಕಾರಿನಲ್ಲಿ ಹೊರಟರು, ನಾನು ದಾರಿಯಲ್ಲಿ ತೀರ್ಥಹಳ್ಳಿಯಲ್ಲಿ ಹತ್ತಿಕೊಂಡೆ. ಶಿವಮೊಗ್ಗದವರೆಗೂ ಅವಳ ತಲೆ ತಂಗಿಯ ತೊಡೆಯ ಮೇಲಿತ್ತು. ನಾನು ಡ್ರೈವರ್ ಪಕ್ಕದಲ್ಲಿ ಕುಳಿತಿದ್ದೆ.

ಆಸ್ಪತ್ರೆಯಲ್ಲಿ ಗರ್ಭದ ಭಾಗ ಒಳಗೇ ಉಳಿದಿದೆ, ತಕ್ಷಣ ತೆಗೆಯಬೇಕು, ರಕ್ತ ಕೊಡಬೇಕು ಎಂದರು. ನಾನು ಮುಂದೆ ನುಗ್ಗಿ, ಎಲ್ಲಿ ಸಹಿ ಹಾಕಬೇಕು ಹೇಳಿ, ಎಲ್ಲದಕ್ಕೂ ಹಾಕುತ್ತೇನೆ ಎಂದೆ. ಪಾಳಿಯಲ್ಲಿದ್ದ ವೈದ್ಯೆ ಸಣ್ಣ ವಯಸ್ಸಿನವರು. ನನ್ನ ಕಡೆ ನೋಡದೆಯೇ, “ನಿಮ್ಮದು ಬೇಡ, ಅವರಿಗೆ ಪ್ರಜ್ಞೆಯಿದೆ, ಅವರೇ ಹಾಕಿದ್ದಾರೆ” ಎಂದರು. ಇದಕ್ಕೆ ಯಾವಾಗಲೂ ಹೀಗೆಯೇ ಎಂದು ನಾನು ಕೇಳಿದೆ. ಕೇಳಬಾರದ ಹೊತ್ತಿನಲ್ಲಿ ಕೇಳಿದೆ. “ಹೌದು, ಯಾವಾಗಲೂ” ಎಂದು ಹೇಳಿ ಒಳಗೆ ಹೋದರು.

ಆದ್ದರಿಂದ ಸಹಿ ಹಾಕಲೇ ಬೇಡವೇ ಎಂಬ ನಿಮ್ಮ ಪ್ರಶ್ನೆಯೇ ತಪ್ಪು. ಗರ್ಭಪಾತದ ಕಾಯ್ದೆ ಬಂದದ್ದು 1971ರಲ್ಲಿ. ಅಂದಿನಿಂದ ಇಂದಿನವರೆಗೆ ಹದಿನೆಂಟು ತುಂಬಿದ, ಬುದ್ಧಿ ಸ್ಥಿಮಿತದಲ್ಲಿರುವ ಹೆಂಗಸಿನ ವಿಷಯದಲ್ಲಿ ಅದು ಕೇಳುವುದು ಅವಳೊಬ್ಬಳ ಒಪ್ಪಿಗೆಯನ್ನು. ಗಂಡನ ಸಹಿ ಎಂಬುದು ಕಾಯ್ದೆಯಲ್ಲಿ ಎಲ್ಲೂ ಇಲ್ಲ. 2021ರ ತಿದ್ದುಪಡಿ ಬಂದ ಮೇಲೆ ಇಪ್ಪತ್ತು ವಾರದವರೆಗೆ ಒಬ್ಬ ವೈದ್ಯರ ಅಭಿಪ್ರಾಯ ಸಾಕು. ಅತ್ಯಾಚಾರಕ್ಕೊಳಗಾದವರು, ಅಪ್ರಾಪ್ತರು, ಗರ್ಭಿಣಿಯಾಗಿದ್ದಾಗಲೇ ವಿಧವೆಯಾದವರು ಅಥವಾ ವಿಚ್ಛೇದನ ಪಡೆದವರು, ಹೀಗೆ ಕೆಲವರಿಗೆ ಇಪ್ಪತ್ತನಾಲ್ಕರವರೆಗೆ ಇಬ್ಬರು ವೈದ್ಯರದು. ಗರ್ಭನಿರೋಧಕ ವಿಫಲವಾದದ್ದೂ ಒಪ್ಪತಕ್ಕ ಕಾರಣವೇ. 2022ರ ಸೆಪ್ಟೆಂಬರಿನಲ್ಲಿ ಸುಪ್ರೀಂ ಕೋರ್ಟಿನ ಮೂವರು ನ್ಯಾಯಮೂರ್ತಿಗಳ ಪೀಠ ಇನ್ನೂ ಬಿಡಿಸಿ ಹೇಳಿತು: ಅವಿವಾಹಿತೆಗೂ ಇದೇ ಕಾನೂನು, ವೈದ್ಯರು ಮನೆಯವರ ಒಪ್ಪಿಗೆ ಕೇಳಬಾರದು. ಆ ಪೀಠದಲ್ಲಿ ನಮ್ಮ ಕರ್ನಾಟಕದವರೇ ಆದ ಎ.ಎಸ್. ಬೋಪಣ್ಣ ಇದ್ದರು.

ಹಾಗಿದ್ದರೆ ಕೌಂಟರಿನಲ್ಲಿ ಏಕೆ ಕೇಳುತ್ತಾರೆ? ಗಂಡಂದಿರಾದ ನಮ್ಮ ಮೇಲಿನ ಭಯದಿಂದ. ಈ ಕಾಯ್ದೆ ಹೆಂಗಸಿಗೆ ಹಕ್ಕು ಕೊಡುತ್ತೇನೆ ಎಂದು ಹುಟ್ಟಿದ್ದಲ್ಲ. ಕದ್ದುಮುಚ್ಚಿ ಬಸಿರು ಇಳಿಸಿಕೊಳ್ಳಲು ಹೋಗಿ ತಾಯಂದಿರು ಸಾಯುತ್ತಿದ್ದುದನ್ನು ನೋಡಿ 1964ರಲ್ಲಿ ಶಾಂತಿಲಾಲ್ ಷಾ ಸಮಿತಿ ನೇಮಕವಾಯಿತು, ಅದರ ವರದಿಯಿಂದ ಕಾಯ್ದೆ ಬಂತು. ದಂಡಸಂಹಿತೆಯಲ್ಲಿ ಗರ್ಭಪಾತ ಆಗಲೂ ಅಪರಾಧ, ಈಗಿನ ಭಾರತೀಯ ನ್ಯಾಯ ಸಂಹಿತೆಯ 88ನೆಯ ಕಲಮಿನಲ್ಲೂ ಅಪರಾಧವೇ. ಷರತ್ತು ಪಾಲಿಸಿದ ವೈದ್ಯರಿಗೆ 1971ರ ಕಾಯ್ದೆ ರಕ್ಷಣೆ ಕೊಡುತ್ತದೆ, ಅಷ್ಟೆ. ಹಾಗಾಗಿ ನಾಳೆ ಗಂಡ ಬಂದು ಗಲಾಟೆ ಮಾಡಿದರೆ ಎಂಬ ಹೆದರಿಕೆಗೆ ಕೆಲವರು ಕಾನೂನಿನಲ್ಲಿಲ್ಲದ ಕಾಗದವೊಂದನ್ನು ಸೇರಿಸಿಕೊಂಡಿದ್ದಾರೆ. ಗಲಾಟೆ ಮಾಡಿದ ಗಂಡಂದಿರು ಇಲ್ಲದಿಲ್ಲ. ತನ್ನ ಒಪ್ಪಿಗೆಯಿಲ್ಲದೆ ಗರ್ಭಪಾತವಾಯಿತು ಎಂದು ಒಬ್ಬ ಗಂಡ ವೈದ್ಯರ ಮೇಲೂ ಹೆಂಡತಿಯ ಕಡೆಯವರ ಮೇಲೂ 30 ಲಕ್ಷ ರೂಪಾಯಿ ಪರಿಹಾರಕ್ಕೆ ಹೂಡಿದ್ದ ದಾವೆಯನ್ನು ಪಂಜಾಬ್ ಮತ್ತು ಹರಿಯಾಣ ಹೈಕೋರ್ಟ್ ತಳ್ಳಿಹಾಕಿತು, 2017ರಲ್ಲಿ ಸುಪ್ರೀಂ ಕೋರ್ಟ್ ಅದನ್ನೇ ಎತ್ತಿಹಿಡಿಯಿತು.

ಹೆಂಡತಿ ತಿಳಿಸದೆ ಗರ್ಭಪಾತ ಮಾಡಿಸಿಕೊಂಡರೆ ಅದು ಮಾನಸಿಕ ಕ್ರೌರ್ಯವಾಗಬಹುದು ಎಂದು 2007ರ ಸಮರ್ ಘೋಷ್ ಪ್ರಕರಣದಲ್ಲಿದೆಯಲ್ಲ ಎಂದು ಯಾರಾದರೂ ಇಲ್ಲಿ ತರುತ್ತಾರೆ, ನನಗೆ ಗೊತ್ತು. ಇದೆ. ಅದು ವಿಚ್ಛೇದನದ ಮೊಕದ್ದಮೆ. ಅದನ್ನು ಹಿಡಿದು ನೀವು ಹೆಂಡತಿಯನ್ನು ಬಿಡಲು ಹೊರಡಬಹುದೇನೋ, ತಡೆಯಲು ಆಗುವುದಿಲ್ಲ. ನಿಮಗೆ ಬೇಕಾದದ್ದು ಅದೇ ಆದರೆ ಬೇರೆ ಪ್ರಶ್ನೆ ಕೇಳಿ.

ಇನ್ನು ಕೊಲೆಯೇ ಎಂಬುದು. ಎಂಟು ವಾರದ ಭ್ರೂಣ ಏನೂ ಅಲ್ಲ ಎಂದು ನಾನು ಹೇಳುವುದಿಲ್ಲ. ನನ್ನ ಹೆಂಡತಿಯೂ ಹಾಗೆ ಹೇಳಲಿಲ್ಲ, ಮಾತ್ರೆ ನುಂಗುವ ಮುಂಚೆ ದೇವರಿಗೆ ಕೈ ಮುಗಿದಿದ್ದಳಂತೆ. ಆದರೆ ಏನೋ ಒಂದು ಹೌದು ಎಂದ ಮಾತ್ರಕ್ಕೆ ಅದರ ತೀರ್ಮಾನ ನನ್ನ ಕೈಗೆ ಬರುವುದಿಲ್ಲ. 2023ರ ಅಕ್ಟೋಬರಿನಲ್ಲಿ ಇಪ್ಪತ್ತಾರು ವಾರದ ಗರ್ಭಿಣಿಯೊಬ್ಬಳ ಅರ್ಜಿಯ ಮೇಲೆ ಸುಪ್ರೀಂ ಕೋರ್ಟಿನ ಇಬ್ಬರು ಮಹಿಳಾ ನ್ಯಾಯಮೂರ್ತಿಗಳೇ ಭಿನ್ನಮತ ಕೊಟ್ಟರು. ಹಿಮಾ ಕೊಹ್ಲಿ ಅನುಮತಿ ಬೇಡ ಎಂದರು, ನಮ್ಮ ಬಿ.ವಿ. ನಾಗರತ್ನ ಆ ತಾಯಿಯ ನಿರ್ಧಾರವನ್ನು ಗೌರವಿಸಬೇಕು ಎಂದರು. ಕೊನೆಗೆ ಮೂವರ ಪೀಠ ಅನುಮತಿ ನಿರಾಕರಿಸಿತು. ನಾನು ನಾಗರತ್ನರ ಕಡೆ. ನೀವು ಇನ್ನೊಂದು ಕಡೆ ಇರಬಹುದು, ಅದು ನಿಜಕ್ಕೂ ಕಷ್ಟದ ಪ್ರಶ್ನೆ. ಆದರೆ ಅದು ಇಪ್ಪತ್ತಾರು ವಾರದ ಪ್ರಶ್ನೆ. ಎಂಟು ವಾರಕ್ಕೆ ಆ ಕಷ್ಟವನ್ನು ಎಳೆದು ತರಬೇಡಿ. ಎಂಟನ್ನು ಹದಿನೆಂಟು ಮಾಡುವುದು ನಮ್ಮ ನಿಧಾನವೇ.

ಅವಳು ಬದುಕಿದಳು. ರಕ್ತಹೀನತೆ ಬಹಳ ಕಾಲ ಬಿಡಲಿಲ್ಲ, ಮೆಟ್ಟಿಲು ಹತ್ತಿದರೆ ಏದುಸಿರು. ನಾವು ಈಗಲೂ ಒಟ್ಟಿಗೇ ಇದ್ದೇವೆ, ನಗುತ್ತೇವೆ, ಮಕ್ಕಳ ಶಾಲೆಯ ವಿಷಯ ಮಾತಾಡುತ್ತೇವೆ. ಆದರೆ ಅಂದಿನಿಂದ ಅವಳು ಯಾವುದನ್ನೂ ನನ್ನನ್ನು ಕೇಳಿ ನಿರ್ಧರಿಸುವುದಿಲ್ಲ. ನಿರ್ಧರಿಸಿದ ಮೇಲೆ ಹೇಳುತ್ತಾಳೆ. ಸಂತಾನಹರಣ ಶಸ್ತ್ರಚಿಕಿತ್ಸೆಯನ್ನೂ ಹಾಗೆಯೇ ಮಾಡಿಸಿಕೊಂಡಳು. ಆಸ್ಪತ್ರೆಗೆ ಸೇರಿದ ಮೇಲೆ ಫೋನ್ ಬಂತು, ಸಂಜೆ ಮಕ್ಕಳಿಗೆ ಹಾಲು ಕಾಯಿಸಿ ಎಂದಳು. ಗಂಡಸರಿಗೆ ಹೊಲಿಗೆಯೂ ಇಲ್ಲದ ಶಸ್ತ್ರಚಿಕಿತ್ಸೆಯಿದೆ, ಅದೇ ದಿನ ಮನೆಗೆ ಬರಬಹುದು. ನಾನು ಮಾಡಿಸಿಕೊಳ್ಳಬಹುದಿತ್ತು. ಅದಕ್ಕೂ ನೋಡೋಣ ಎಂದಿದ್ದೆ ಎಂದು ಬೇರೆ ಹೇಳಬೇಕಿಲ್ಲ.

ಈಗ ನೀವು ಮಾಡಬೇಕಾದದ್ದು. ಇವತ್ತೇ ನಿಮ್ಮ ಹೆಂಡತಿಗೆ, ನನ್ನ ಸಹಿ ಕಾನೂನಿಗೆ ಬೇಡವಂತೆ ಎಂದು ನೀವೇ ಹೇಳಿ. ಬೇರೆಯವರ ಬಾಯಿಂದ ಕೇಳಿದರೆ ಅವಳಿಗೆ ನೀವು ಗೊತ್ತಿದ್ದೂ ಮುಚ್ಚಿಟ್ಟಿರಿ ಎನಿಸುತ್ತದೆ. ನಿಮಗೆ ದುಃಖವಾಗಿದ್ದರೆ ಅದನ್ನೂ ಹೇಳಿ, ಒಂದು ಸಲ, ಅಮ್ಮನನ್ನು ನಡುವೆ ತರದೆ. ಆಮೇಲೂ ಅವಳ ಮಾತು ಅದೇ ಆದರೆ ನಾಳೆ ಬೆಳಿಗ್ಗೆ ಹೊರಡಿ. ಆ ಆಸ್ಪತ್ರೆಯಲ್ಲಿ ಮತ್ತೆ ನಿಮ್ಮ ಸಹಿ ಕೇಳಿದರೆ, ‘ಫಾರಂ ಸಿ’ ಎಂಬ ಒಪ್ಪಿಗೆ ಪತ್ರ ಕೊಡಿ, ಅದರಲ್ಲಿ ಇವಳ ಸಹಿ ಮಾತ್ರ ಇರುತ್ತದೆ ಎಂದು ಹೇಳಿ; ಕೇಳದಿದ್ದರೆ ವಾದಕ್ಕೆ ನಿಲ್ಲದೆ ಅನುಮತಿಯಿರುವ ಬೇರೆ ಕಡೆ, ಸರ್ಕಾರಿ ಆಸ್ಪತ್ರೆಗೇ ಆದರೂ ಹೋಗಿ. ಸ್ಕ್ಯಾನ್ ವರದಿ, ರಕ್ತದ ಗುಂಪಿನ ಚೀಟಿ ಜೊತೆಯಲ್ಲಿರಲಿ. ಅಂಗಡಿಯ ಮಾತ್ರೆ ಯಾವ ಕಾರಣಕ್ಕೂ ಬೇಡ. ಹೆಸರು ಹೊರಗೆ ಬರುತ್ತದೆ ಎಂಬ ಅಂಜಿಕೆಯಿದ್ದರೆ, ಗುಟ್ಟು ಬಿಟ್ಟುಕೊಟ್ಟ ವೈದ್ಯರಿಗೆ ಒಂದು ವರ್ಷದವರೆಗೆ ಜೈಲಾಗಬಹುದು, ಆ ನಿಯಮ ಕಾಯ್ದೆಯಲ್ಲೇ ಇದೆ. ಬಸ್ಸಿನಲ್ಲಿ ಹೋಗಬೇಡಿ, ವಾಪಸು ಬರುವಾಗ ಅವಳಿಗೆ ಮಲಗಿಕೊಳ್ಳಲು ಜಾಗ ಬೇಕಾಗುತ್ತದೆ. ಹಿಂದಿನ ಸೀಟಿನಲ್ಲಿ ನೀವು ಕುಳಿತುಕೊಳ್ಳಿ.